ಉಡಿ ಕಟ್ಟಿಕೊಂಡು ಮಸ್ಕತ್ತಿಗೆ

ಕುಸನೂರ

ವಿಮಾನ ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರದ ನಡುವೆ ಬರುತ್ತಿತ್ತು. ಆಟೋಗಳು ದಾರಿ ಬಿಡುತ್ತಿರಲಿಲ್ಲ. ಒಂದು ರೆಕ್ಕೆ ಬಟ್ಟೆ ಅಂಗಡಿಯ ಮುಂದೆ ತೂಗುಹಾಕಿದ ಸೀರೆಗಳನ್ನು ಸವರಿಕೊಂಡು, ಇನ್ನೊಂದು ಬಂಗಾರದ ಅಂಗಡಿಯ ಬೋರ್ಡಿನ ಮೇಲೆ ಹಾಯ್ದು, ಯಾರಿಗೂ ಏನೂ ಆಗದ ಹಾಗೆ ಎತ್ತಿನ ಬಂಡಿಯ ನಿಧಾನದಲ್ಲಿ ಬರುತ್ತಿತ್ತು. ಬಾಗಿಲಿಗೆ ಜೋತುಬಿದ್ದ ಕಂಡಕ್ಟರ್ ತಗಡು ಬಡಿಯುತ್ತ "ಮಸ್ಕತ್, ಮಸ್ಕತ್, ಯಾರ್ರೀ ಮಸ್ಕತ್" ಎಂದು ಕೂಗುತ್ತಿದ್ದ. ನಾನು ಕೈಯೆತ್ತಿದೆ. ಮೆಟ್ಟಿಲ ಮೇಲೆ ಒಂದು ಕಾಲಿಟ್ಟೆ. ಅಷ್ಟರಲ್ಲಿ ನೆಲ ಕೆಳಗೆ ಸರಿಯಿತು. ಎಚ್ಚರವಾಯಿತು.

ಕುಸನೂರದ ನಮ್ಮ ಮನೆ, ನಡು ಮಧ್ಯಾಹ್ನ. ತಲೆಯ ಹತ್ತಿರ ಕೂಲರ್ ಮೊರೆಯುತ್ತಿತ್ತು. ನಾನು ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲಸ ಮಾಡುವವಳು. ರಾತ್ರಿ ಪಾಳಿ ಮುಗಿಸಿ ಬಂದು ಹಗಲು ಮಲಗುತ್ತೇನೆ. ಹಾಗಾಗಿ ನನ್ನ ಕನಸುಗಳೆಲ್ಲ ಬಿಸಿಲಿನವು. ತರಕಾರಿ ಮಾರುವವಳ ಕೂಗು, ವಿಶ್ವವಿದ್ಯಾಲಯದ ಕಡೆ ಹೋಗುವ ಬಸ್ಸಿನ ಹಾರ್ನು, ಪಕ್ಕದ ಮನೆಯ ಒಗ್ಗರಣೆ, ಎಲ್ಲವೂ ಕಿಟಕಿಯಿಂದ ಒಳಗೆ ಬಂದು ಕನಸಿನಲ್ಲಿ ತಮ್ಮ ಪಾತ್ರ ಮಾಡಿ ಹೋಗುತ್ತವೆ. ಆ ವಾರವೆಲ್ಲ ಕೂಲರ್ ವಿಮಾನದ ಪಾತ್ರ ಮಾಡಿತು.

ವಿಷಯ ಇಷ್ಟು. ನನ್ನ ತಂಗಿ ಮಂಜುಳಾ ಮಸ್ಕತ್ತಿನಲ್ಲಿದ್ದಾಳೆ. ಅವಳ ಗಂಡ ಪ್ರಕಾಶ ಅಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕದಲ್ಲಿ ಮೆಕ್ಯಾನಿಕ್. ಅವಳಿಗೆ ಏಳನೆಯ ತಿಂಗಳು. ನಮ್ಮ ಕಡೆ ಏಳರಲ್ಲಿ ಕುಬಸ ಮಾಡುತ್ತೇವೆ. ತವರಿನವರು ಹಸಿರು ಸೀರೆ, ಹಸಿರು ಬಳೆ ತಂದು ಬಸುರಿಯನ್ನು ಕೂರಿಸಿ, ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಬಾಳೆಹಣ್ಣು ಹಾಕಿ ಉಡಿ ತುಂಬುತ್ತಾರೆ. ಅವಳೇ ಊರಿಗೆ ಬರಬೇಕಿತ್ತು. ಆದರೆ ಅಲ್ಲಿಯ ಡಾಕ್ಟರು ಪ್ರಯಾಣ ಬೇಡ, ಆದಷ್ಟು ಮಲಗಿಯೇ ಇರಬೇಕು ಎಂದಿದ್ದರು. ಈ ಹಿಂದೆ ಒಂದು ಬಸಿರು ನಿಂತಿರಲಿಲ್ಲ. ನಮ್ಮ ಅವ್ವ ತೀರಿಹೋಗಿದ್ದಾಳೆ. ತಂಗಿಯ ಪಾಲಿಗೆ ತವರು ಎಂದರೆ ಈಗ ನಾನು.

ಮತ್ತು ನಾನು ಅಲ್ಲಿಯವರೆಗೆ ವಿಮಾನ ಹತ್ತಿದವಳಲ್ಲ. ತಾರಸಿಯ ಮೇಲೆ ಹಪ್ಪಳ ಒಣಗಿಸುವಾಗಲೂ ಅಂಚಿನಿಂದ ದೂರ ನಿಲ್ಲುವವಳು. ಕಲಬುರಗಿಗೆ ವಿಮಾನ ನಿಲ್ದಾಣ ಬಂದಾಗ ಆ ಸುದ್ದಿಯ ಪುಟ ಕಟ್ಟಿದವಳು ನಾನೇ. ದೊಡ್ಡ ಅಕ್ಷರದಲ್ಲಿ ಸಂತೋಷದ ತಲೆಬರಹ ಕೊಟ್ಟೆ. ಆದರೆ ಅದನ್ನು ನೋಡಲೂ ಹೋಗಲಿಲ್ಲ.

ನನ್ನ ಭಯಕ್ಕೆ ವೃತ್ತಿಯೂ ಕಾರಣ ಇರಬೇಕು. ಡೆಸ್ಕಿಗೆ ವಿಮಾನದ ಸುದ್ದಿ ಬರುವುದು ಅದು ಬಿದ್ದಾಗ. ಇಳಿದ ವಿಮಾನದ ಸುದ್ದಿಯನ್ನು ಯಾರೂ ಕಳಿಸುವುದಿಲ್ಲ. ಬಿದ್ದ ವಿಮಾನಕ್ಕೆ ತಲೆಬರಹ, ಉಪಶೀರ್ಷಿಕೆ, ಚಿತ್ರದ ಅಡಿಬರಹ ಎಲ್ಲ ಬರೆದಿದ್ದೇನೆ. ಬರೆಯುವಾಗ ಕೈ ನಡುಗಿದ್ದಿಲ್ಲ. ಪುಟವನ್ನು ಅಚ್ಚಿಗೆ ಬಿಡುವ ಹೊತ್ತಿಗೆ ನಡುಗಲು ಪುರಸೊತ್ತಿರುವುದಿಲ್ಲ. ಆ ನಡುಕವೆಲ್ಲ ಎಲ್ಲೋ ಒಂದು ಕಡೆ ಕೂಡಿಕೊಂಡು ನನ್ನ ಟಿಕೆಟ್ಟಿಗಾಗಿ ಕಾಯುತ್ತಿತ್ತು ಅಂತ ಕಾಣುತ್ತದೆ.

ನಮ್ಮ ಮನೆಯವರು ಸಮಾಧಾನ ಹೇಳಿದರು. "ವಿಮಾನಕ್ಕಿಂತ ರಸ್ತೇನೇ ಅಪಾಯ. ದಿನಾ ಪೇಪರ್‌ನ್ಯಾಗ ನೀನೇ ಹಾಕ್ತಿಯಲ್ಲ?"

"ಹಾಕ್ತೀನಿ. ಹಂಗಂತ ಈಗ ರಸ್ತೆಗೂ ಹೆದರಲೇನು?" ಎಂದೆ.

ಮಂಜುಳಾ ವಿಡಿಯೋ ಕಾಲ್ ಮಾಡಿದಳು. ಅವಳು ಕಾಲ ಕೆಳಗೆ ದಿಂಬಿಟ್ಟುಕೊಂಡು ಮಲಗಿದ್ದಳು.

"ಅಕ್ಕಾ, ಬರ್ತಿಯೋ ಇಲ್ಲೋ, ಒಂದು ಮಾತು ಹೇಳಿಬಿಡು. ಆಮ್ಯಾಲ ನೀ ಸಿಟ್ಟಾಗಂಗಿಲ್ಲ."

"ಯಾಕ ಹಂಗಂತಿ?"

"ಪಕ್ಕದ ಮನ್ಯಾಗ ಕೇರಳದ ಸುಜಾ ಅದಾಳ. ನಾನೇ ಉಡಿ ತುಂಬ್ತೀನಿ, ಹೆಂಗ ತುಂಬಬೇಕು ಹೇಳು ಅಂತಾಳ. ಪಾಪ, ಒಳ್ಳೆಯಾಕಿ." ಕಾಲ ಕೆಳಗಿನ ದಿಂಬು ಸರಿಮಾಡಿಕೊಂಡಳು. "ಹೆಂಗ ತುಂಬಬೇಕು ಅಂತ ಹೇಳ್ಲಾಕ ನನಗ ಬರಲಿಲ್ಲ, ಅಕ್ಕಾ. ಅಳು ಬಂತು."

"ಬರ್ತೀನಿ" ಎಂದೆ. ಕೂಲರ್ ಮೊರೆಯುತ್ತಲೇ ಇತ್ತು.

ಸೂಪರ್ ಮಾರ್ಕೆಟ್

ಹಸಿರು ಸೀರೆಗೆ, ಬಳೆಗೆ, ಉತ್ತತ್ತಿಗೆ ಅಂತ ಹೋದೆ. ಕನಸಿನಲ್ಲಿ ವಿಮಾನ ನಿಂತಿದ್ದ ಜಾಗದಲ್ಲಿ ಕಬ್ಬಿನ ಹಾಲಿನ ಬಂಡಿ ನಿಂತಿತ್ತು. ಸುತ್ತ ಆಟೋಗಳು ಹಾಗೇ ಇದ್ದವು. ನನಗೇನೋ ಕನಸಿನ ಒಳಗೇ ನಡೆಯುತ್ತಿದ್ದೇನೆ ಅನ್ನಿಸುತ್ತಿತ್ತು. ಸೀರೆ ಅಂಗಡಿಯವನು ಹಸಿರು ಸೀರೆಗಳನ್ನು ಒಂದರ ಮೇಲೊಂದು ಬಿಚ್ಚಿ ಗಾಳಿಗೆ ಎಸೆದಾಗ ಅವು ಇಳಿಯಲು ತೆಗೆದುಕೊಂಡ ಹೊತ್ತನ್ನೇ ನೋಡುತ್ತ ಕೂತೆ. ಎಸೆದದ್ದು ಎಷ್ಟು ಮೆತ್ತಗೆ ಇಳಿಯುತ್ತದೆ ಎಂದು ಅಚ್ಚರಿಯಾಯಿತು.

ಕಿರಾಣಿ ಅಂಗಡಿಯ ಇಸ್ಮಾಯಿಲ್ ಸಾಬ್ ನಮ್ಮ ಅವ್ವನ ಕಾಲದಿಂದ ಪರಿಚಯ. ಉತ್ತತ್ತಿ ಎಂದರೆ ಒಣ ಖರ್ಜೂರ. ನಮ್ಮ ಬಜಾರದಲ್ಲಿ ಅದಕ್ಕೆ ಖಾರೀಕ್ ಅಂತಲೂ ಹೇಳುತ್ತಾರೆ. ಸಾಬ್ ತಕ್ಕಡಿಗೆ ಹಾಕುತ್ತ ಕೇಳಿದರು.

"ಕ್ಯಾ ಕಾರ್ಯ ಅದ ಅಕ್ಕಾ ಮನ್ಯಾಗ?"

"ಮಂಜೀದು ಕುಬಸ. ಮಸ್ಕತ್ತಿಗೆ ಹೋಗ್ಲಾಕತ್ತೀನಿ."

ಅವರು ತಕ್ಕಡಿ ಹಿಡಿದ ಕೈ ಹಾಗೇ ನಿಲ್ಲಿಸಿದರು. "ಮಸ್ಕತ್? ಅರೆ ಅಕ್ಕಾ, ಯೇ ಖಾರೀಕ್ ಉಧರ್‌ಲಿಂದಾನೇ ಬರ್ತಾವ್ರೀ! ಒಮಾನ್ ಮಾಲು. ಸಮುಂದರ್ ದಾಟಿ ಇಲ್ಲಿ ಬಂದಾವ, ಮತ್ತ ನೀವು ಅವನ್ನ ಸಮುಂದರ್ ದಾಟಿಸಿ ವಾಪಸ್ ಒಯ್ಯಲಾಕತ್ತೀರಿ?"

"ಉಡಿಗೆ ತವರಿಂದೇ ಆಗಬೇಕಲ್ರೀ ಸಾಬ್."

"ಸಹೀ ಹೈ, ಸಹೀ ಹೈ." ಅವರು ನಗುತ್ತ ಇನ್ನೊಂದಿಷ್ಟು ಉತ್ತತ್ತಿ ಮೇಲೆ ಹಾಕಿದರು. "ತಮ್ಮ ಊರಿಗೆ ಹೊಂಟಾವ ಪಾಪ. ಖುಷ್ ಆಗ್ತಾವ."

ಮನೆಗೆ ಬರುವಾಗ ಆಟೋದಲ್ಲಿ ಪೊಟ್ಟಣ ಬಿಚ್ಚಿ ಒಂದು ಉತ್ತತ್ತಿ ಕೈಯಲ್ಲಿ ಹಿಡಿದೆ. ಒಣಗಿ ಸುಕ್ಕಾಗಿ ಗಟ್ಟಿಯಾಗಿತ್ತು. ಹಡಗಿನ ತಳದಲ್ಲಿ ಚೀಲದೊಳಗೆ ಕತ್ತಲಲ್ಲಿ ಅಲುಗಾಡುತ್ತ ಬಂದದ್ದು. ಅದರ ಮುಖದಲ್ಲಿ ಭಯದ ಕುರುಹೇನೂ ಇರಲಿಲ್ಲ. ಇಂಥ ಯೋಚನೆಗಳೇ ಆ ವಾರ ತಲೆಯಲ್ಲಿ ಓಡಾಡುತ್ತಿದ್ದವು. ಆಫೀಸಿನಲ್ಲಿ ತೊಗರಿ ದರದ ಸುದ್ದಿಗೆ ತಲೆಬರಹ ಕೊಡುವಾಗ 'ಏರಿಕೆ' ಎಂದು ಬರೆಯಲು ಒಂದು ಕ್ಷಣ ಕೈ ಹಿಂಜರಿಯಿತು. 'ಇಳಿಕೆ' ಅಂತ ಬರೆಯುವ ಹಾಗೂ ಇರಲಿಲ್ಲ.

ಕಮಲಾಪುರ

ಬಾಳೆಹಣ್ಣಿಗೆ ಕಮಲಾಪುರಕ್ಕೇ ಹೋಗಬೇಕಿತ್ತು. ಮಂಜುಳಾಗೆ ಬಸಿರು ನಿಂತ ದಿನದಿಂದ ಒಂದೇ ಬಯಕೆ: ಕಮಲಾಪುರದ ಕೆಂಪು ಬಾಳೆ. ಮಸ್ಕತ್ತಿನ ಮಾಲ್‌ಗಳಲ್ಲಿ ಎಲ್ಲ ದೇಶದ ಬಾಳೆಹಣ್ಣು ಸಿಗುತ್ತದಂತೆ. "ಕೆಂಪಂದೂ ಸಿಗ್ತದ ಅಕ್ಕಾ, ಆದ್ರ ಬಣ್ಣ ಅಷ್ಟೇ ಕೆಂಪು" ಎಂದಿದ್ದಳು.

ಹುಮನಾಬಾದ್ ಕಡೆಯ ರಸ್ತೆಯಲ್ಲಿ ಊರು ಹತ್ತಿರವಾದಂತೆ ಎರಡೂ ಬದಿ ತಟ್ಟಿಯ ಅಂಗಡಿಗಳಲ್ಲಿ ಕೆಂಪು ಬಾಳೆಯ ಚಿಪ್ಪುಗಳು ತೂಗುತ್ತವೆ. ಬಸ್ಸಿನ ಕಿಟಕಿಯಿಂದ ನೋಡಿದರೆ ಸಾಲು ಸಾಲು ದೀಪ ಹಚ್ಚಿಟ್ಟ ಹಾಗೆ. ನನ್ನ ಚಿಗವ್ವ, ಅವ್ವನ ತಂಗಿ, ಊರ ಹೊರಗಿನ ತೋಟದಲ್ಲಿ ಇದೇ ಬಾಳೆ ಬೆಳೆಯುತ್ತಾಳೆ. ಈ ಗಿಡ ಬೇರೆ ಬಾಳೆಗಿಂತ ಎತ್ತರ. ಗೊನೆ ಬಿಡಲೂ ಬಹಳ ದಿನ ತೆಗೆದುಕೊಳ್ಳುತ್ತದೆ. ಗಾಳಿಗೆ ಬೀಳದಂತೆ ಒಂದೊಂದಕ್ಕೂ ಕವೆಗೋಲು ಕೊಟ್ಟಿರುತ್ತಾರೆ. ತೋಟದೊಳಗೆ ಬಿಸಿಲು ಹಸಿರಾಗಿ ಸೋರುತ್ತಿತ್ತು. ಎಲೆಗಳು ಒಂದಕ್ಕೊಂದು ತಾಗಿ ಸರಸರ ಅನ್ನುತ್ತಿದ್ದವು. ಯಾರೋ ದೊಡ್ಡ ಪತ್ರಿಕೆಯ ಪುಟ ತಿರುಗಿಸುತ್ತಿರುವ ಹಾಗೆ.

ಚಿಗವ್ವ ಗೊನೆಗಳ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಿದ್ದಳು.

"ಇವತ್ತು ಹಣ್ಣಾದದ್ದು ಬ್ಯಾಡ. ಅರ್ಧಾ ಹಾದ್ಯಾಗ ಕೊಳೀತದ. ಇದು ನೋಡು, ಅಲ್ಲಿ ಮುಟ್ಟೋದ್ರಾಗ ಬರೋಬ್ಬರಿ ಆಗ್ತದ" ಎಂದು ಇನ್ನೂ ಗಟ್ಟಿಯಿದ್ದ ಒಂದು ಚಿಪ್ಪನ್ನು ಇಳಿಸಿಕೊಂಡಳು. ಆಮೇಲೆ ನನ್ನ ಮುಖ ನೋಡಿದಳು. "ನೀಲಾ, ನಿನ್ನ ಮಾರಿ ಯಾಕ ಹಿಂಗದ? ಉಣ್ಣಂಗಿಲ್ಲೇನು?"

"ವಿಮಾನದ ಅಂಜಿಕಿ, ಚಿಗವ್ವ."

"ಉಳ್ಳಾಗಡ್ಡಿ ಮೂಸು. ಕಿಸೇದಾಗ ಲಿಂಬಿಹಣ್ಣು ಇಟ್ಕೋ."

"ಅದು ಬಸ್ಸಿನ್ಯಾಗ ವಾಂತಿ ಬಂದ್ರ ಚಿಗವ್ವ. ಇದು ಅಂಜಿಕಿ."

"ಎರಡೂ ಹೊಟ್ಟ್ಯಾಗಿಂದಾನೇ ಬರ್ತಾವ." ಅವಳಿಗೆ ಸಂಶಯವೇ ಇರಲಿಲ್ಲ.

"ನೀ ಹೇಳ್ತಿ. ಕಲಬುರಗಿ ದವಾಖಾನ್ಯಾಗ ಲಿಫ್ಟ್ ಹತ್ತಲಾಕ ಅಂಜಿ ಮ್ಯಾಲಿನ ತನಕ ಮೆಟ್ಟಲಾ ಏರಿದಾಕಿ ಯಾರು?"

"ಅದು ಡಬ್ಬಿ! ಬಾಗಲಾ ಮುಚ್ಚಿದ್ರ ಯಾರು ತೆಗೀಬೇಕು?" ಚಿಗವ್ವ ಜೋರಾಗಿ ಅಂದಳು. ಆಮೇಲೆ ಇಬ್ಬರೂ ನಕ್ಕೆವು. ನಗುವಿನ ಕೊನೆಯಲ್ಲಿ ನಾನು ಕೇಳಿಯೇ ಬಿಟ್ಟೆ.

"ಚಿಗವ್ವ, ಖರೇನೇ ಬಿದ್ರ?"

ಮನೆಯವರ ಹಾಗೆ ಅವಳು ಸಮಾಧಾನ ಹೇಳಲಿಲ್ಲ. ಬಾಳೆಯ ಸೊನೆ ಹತ್ತಿದ ಕೈಯನ್ನು ಸೆರಗಿಗೆ ಒರೆಸಿಕೊಂಡು, "ವಿಮಾನದ ಕಾಳಜಿ ವಿಮಾನ ನಡಸೋರದು. ನಿನ್ನ ಕಾಳಜಿ ಬ್ಯಾರೆ ಅದ. ಬಾ, ಕುಂದ್ರು" ಎಂದು ಒಳಗೆ ಕರೆದೊಯ್ದಳು.

ದೇವರ ಮುಂದೆ ನನ್ನನ್ನು ಕೂರಿಸಿ ನನಗೇ ಉಡಿ ತುಂಬಿದಳು. ಹೊರಟು ನಿಂತ ಹೆಣ್ಣುಮಗಳಿಗೆ ಉಡಿ ತುಂಬುವುದು ರೂಢಿ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ನಾನೇ ತಂದ ಉತ್ತತ್ತಿ, ಐದು ಕೆಂಪು ಬಾಳೆ. ಎಲ್ಲವನ್ನೂ ಒಂದು ಕುಬಸದ ಕಣದಲ್ಲಿ, ಅಂದರೆ ರವಿಕೆಯ ಬಟ್ಟೆಯಲ್ಲಿ, ಗಂಟು ಕಟ್ಟಿದಳು.

"ಇದು ನಿನ್ನ ಉಡಿ ಅಲ್ಲ, ಮಂಜೀದು. ನಿಮ್ಮವ್ವ ಇದ್ದಿದ್ರ ತಾನೇ ಒಯ್ತಿದ್ಳು. ಈಗ ನಿನ್ನ ಉಡಿಯಿಂದ ಆಕಿ ಉಡಿಗೆ ಹೋಗಬೇಕು. ನಡುವ ನೆಲಕ್ಕ ಇಡಬಾರದು. ಕುಂತಾಗ ಉಡ್ಯಾಗೇ ಇರಬೇಕು. ತಿಳೀತಿಲ್ಲೋ?"

"ಬ್ಯಾಗಿನ್ಯಾಗ ಇಡ್ತೀನಿ ಚಿಗವ್ವ, ಸೇಫ್ ಇರ್ತದ."

"ಬ್ಯಾಗಿನ್ಯಾಗ ಒಯ್ದ್ರ ಸಾಮಾನು. ಉಡ್ಯಾಗ ಒಯ್ದ್ರ ಉಡಿ." ನನ್ನ ಸಲ್ವಾರ್ ಕಡೆ ನೋಡಿದಳು. "ಆ ದಿನ ಸೀರಿ ಉಟ್ಕೋ. ಮತ್ತ ಕೇಳು. ವಿಮಾನ ಬಿದ್ರ ಬೀಳಲಿ. ಉಡಿ ಬೀಳಬಾರದು."

ವಾಪಸ್ಸು ಬರುವಾಗ ಬಸ್ಸಿನಲ್ಲಿ ಗಂಟು ಮಡಿಲಲ್ಲಿತ್ತು. ಬಸ್ಸು ಗುಂಡಿಯಲ್ಲಿ ಎತ್ತಿಹಾಕಿದಾಗೆಲ್ಲ ಎರಡೂ ಕೈಯಿಂದ ಹಿಡಿದುಕೊಂಡೆ. ಕುಸನೂರ ಮುಟ್ಟುವವರೆಗೆ ನಾನು ವಿಮಾನವನ್ನು ಒಮ್ಮೆಯೂ ನೆನೆದಿರಲಿಲ್ಲ. ಅದು ಗೊತ್ತಾದದ್ದು ಮನೆಯ ಬಾಗಿಲಲ್ಲಿ. ಗೊತ್ತಾದ ಕೂಡಲೇ ಭಯ ಮತ್ತೆ ಬಂತು.

ಹೈದರಾಬಾದ್

ಕಲಬುರಗಿಯಿಂದ ಹೊರದೇಶಕ್ಕೆ ವಿಮಾನವಿಲ್ಲ. ಸೀರೆಯುಟ್ಟು ರೈಲಿನಲ್ಲಿ ಹೈದರಾಬಾದಿಗೆ ಬಂದು ವಿಮಾನ ನಿಲ್ದಾಣ ಸೇರಿದೆ. ಒಳಗೆ ಎಲ್ಲ ಹೊಳೆಯುತ್ತಿತ್ತು, ಎಲ್ಲರೂ ಸದ್ದಿಲ್ಲದೆ ಜಾರುತ್ತಿದ್ದರು. ನಮ್ಮ ಬಸ್ ನಿಲ್ದಾಣದಲ್ಲಿ ಹೆದರಿದವರಿಗೆ ಗದ್ದಲದ ಆಸರೆಯಾದರೂ ಇರುತ್ತದೆ. ಯಾರನ್ನಾದರೂ ಕೇಳಬಹುದು, ಯಾರಾದರೂ ಬೈಯಬಹುದು. ಇಲ್ಲಿ ಭಯ ನನ್ನೊಬ್ಬಳದೇ ಅನ್ನಿಸಿತು. ವಾಪಸ್ಸು ಹೋಗಿಬಿಡುವ ಯೋಚನೆ ಬಂತು. ಮಂಜುಳಾಗೆ ಏನು ಹೇಳಬಹುದು ಅಂತ ವಾಕ್ಯ ಕೂಡ ಕಟ್ಟಿದೆ. ತಿದ್ದಿ ಚಿಕ್ಕದು ಮಾಡಿದೆ. ಎಷ್ಟು ತಿದ್ದಿದರೂ ಅದು ಸುಳ್ಳಾಗಿಯೇ ಉಳಿಯಿತು.

ತಪಾಸಣೆಯ ಯಂತ್ರದಿಂದ ಗಂಟು ಹೊರಬಂದಾಗ ಸಮವಸ್ತ್ರದ ಹೆಣ್ಣುಮಗಳೊಬ್ಬಳು ಅದನ್ನು ಬಿಚ್ಚಿಸಿದಳು. ಅಕ್ಕಿ ನೋಡಿದಳು. ಉತ್ತತ್ತಿ ಮೂಸಿದಳು. ಬಾಳೆಹಣ್ಣಿನ ಬಣ್ಣ ನೋಡಿ ಹುಬ್ಬೇರಿಸಿದಳು. ಆಮೇಲೆ ಕೊಬ್ಬರಿ ಬಟ್ಟಲನ್ನು ಕೈಗೆತ್ತಿಕೊಂಡು, "ಇದು ಬಿಡೋ ಹಾಗಿಲ್ಲ" ಎಂದು ಹಿಂದಿಯಲ್ಲಿ ಹೇಳಿದಳು.

"ಕೊಬ್ಬರಿ ರೀ ಅದು. ಪೂಜಾದ್ದು."

"ಒಣ ಕೊಬ್ಬರಿಯಲ್ಲಿ ಎಣ್ಣೆ ಇರುತ್ತೆ ಮೇಡಂ. ಬೇಗ ಬೆಂಕಿ ಹತ್ತುತ್ತೆ. ರೂಲ್ ಇದೆ."

ಉಡಿಯಿಂದ ಕೊಬ್ಬರಿ ತೆಗೆದುಬಿಡುವುದು ಎಂದರೆ ಏನು ಅಂತ ಅವಳಿಗೆ ಹೇಳಲು ಹೊರಟೆ. ಅಷ್ಟರಲ್ಲಿ ಅವಳು ಪಕ್ಕದ ಪ್ಲಾಸ್ಟಿಕ್ ಡಬ್ಬದ ಮುಚ್ಚಳ ಎತ್ತಿ ನನ್ನ ಕೊಬ್ಬರಿಯನ್ನು ಒಳಗೆ ಹಾಕಿದಳು. ನಾನು ಬಗ್ಗಿ ನೋಡಿದೆ. ಡಬ್ಬದಲ್ಲಿ ಆಗಲೇ ಕೊಬ್ಬರಿ ಬಟ್ಟಲುಗಳು ಇದ್ದವು. ಒಂದಕ್ಕೆ ಅರಿಶಿನ ಹತ್ತಿತ್ತು. ಇನ್ನೊಂದರ ಮೇಲೆ ಕುಂಕುಮದ ಬೊಟ್ಟು ಹಾಗೇ ಇತ್ತು.

ಆ ಡಬ್ಬದ ಮುಂದೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ನಿಂತೆ. ಇವತ್ತು ಬೆಳಗಿನಿಂದ ಎಷ್ಟೋ ಮಂದಿ ಹೆಣ್ಣುಮಕ್ಕಳು ನನ್ನಂತೆಯೇ ಉಡಿ ತುಂಬಿಕೊಂಡು, ನನ್ನಂತೆಯೇ ರೂಲ್ ಗೊತ್ತಿಲ್ಲದೆ ಬಂದು, ಕೊಬ್ಬರಿ ಇಲ್ಲಿ ಬಿಟ್ಟು, ಮುಂದೆ ಹೋಗಿ ವಿಮಾನ ಹತ್ತಿದ್ದಾರೆ. ಯಾರ ಮನೆಯ ಸೊಸೆಯೋ, ಯಾರ ಚಿಗವ್ವ ಕಳಿಸಿದವಳೋ. ಅವರೆಲ್ಲ ಈಗ ಎಲ್ಲೆಲ್ಲೋ ಇಳಿದು ಚಹಾ ಕುಡಿಯುತ್ತಿರಬೇಕು. ನನ್ನ ಕಾಲುಗಳು ವಾಪಸ್ಸು ಹೋಗುವ ಬದಲು ಮುಂದಕ್ಕೆ ನಡೆದವು.

ಮೋಡದ ಮೇಲೆ

ನನ್ನ ಪಕ್ಕದಲ್ಲಿ ಕಪ್ಪು ಅಬಾಯ, ಅಂದರೆ ಉದ್ದ ನಿಲುವಂಗಿ, ತೊಟ್ಟ ಒಬ್ಬ ಒಮಾನಿ ಅಜ್ಜಿ ಕೂತಿದ್ದರು. ಹೈದರಾಬಾದಿನ ಆಸ್ಪತ್ರೆಗೆ ಬಂದು ಮೊಣಕಾಲಿನ ಚಿಕಿತ್ಸೆ ಮಾಡಿಸಿಕೊಂಡು ಹೋಗುತ್ತಿದ್ದರು. ಮಗ ಹಿಂದಿನ ಸಾಲಿನಲ್ಲಿ ಆಗಲೇ ನಿದ್ದೆ ಹೋಗಿದ್ದ. ಅವರ ಬೆರಳುಗಳ ನಡುವೆ ಜಪಮಣಿ ಬಹಳ ವೇಗವಾಗಿ ಓಡುತ್ತಿತ್ತು.

ವಿಮಾನದ ಹುಡುಗಿ ಬಂದು ನನ್ನ ಮಡಿಲು ನೋಡಿದಳು. "ಮೇಡಂ, ಬ್ಯಾಗನ್ನು ಮುಂದಿನ ಸೀಟಿನ ಕೆಳಗಿಡಿ."

"ನೆಲಕ್ಕ ಇಡಬಾರದು ಇದನ್ನ."

"ಹಾಗಾದ್ರೆ ಮೇಲೆ ಇಡ್ತೀನಿ ಕೊಡಿ. ಟೇಕಾಫ್ ಟೈಮಲ್ಲಿ ಮಡಿಲಲ್ಲಿ ಬ್ಯಾಗ್ ಇರಬಾರದು."

ಅವಳದು ನಿಯಮ, ನನ್ನದೂ ನಿಯಮ. ಅವಳು ನಗುತ್ತಲೇ ಕೈ ಚಾಚಿ ನಿಂತಿದ್ದಳು. ಆಗ ನಾನು ಮಾಡಿದ್ದು ಯೋಚಿಸಿ ಮಾಡಿದ್ದಲ್ಲ. ಗಂಟು ಬಿಚ್ಚಿ ಅಕ್ಕಿ, ಉತ್ತತ್ತಿ, ಅರಿಶಿನ, ಬಾಳೆಹಣ್ಣು ಎಲ್ಲವನ್ನೂ ಸೆರಗಿಗೆ ಸುರುವಿಕೊಂಡೆ. ಖಾಲಿ ಬಟ್ಟೆಯನ್ನು ಅವಳಿಗೆ ತೋರಿಸಿ, ಸೆರಗಿನ ಎರಡು ತುದಿಯನ್ನು ಎರಡು ಕೈಯಲ್ಲಿ ಹಿಡಿದೆ. ಬ್ಯಾಗ್ ಇಲ್ಲ.

ಅವಳು ಬಟ್ಟೆ ನೋಡಿದಳು, ನನ್ನ ಸೆರಗು ನೋಡಿದಳು, ಬಾಯಿ ತೆರೆದಳು. ಸೀರೆಯ ಸೆರಗನ್ನು ಸೀಟಿನ ಕೆಳಗಿಡಿ ಎನ್ನುವ ಸೂಚನೆ ಅವಳಿಗೆ ಯಾರೂ ಕಲಿಸಿರಲಿಲ್ಲ ಅಂತ ಕಾಣುತ್ತದೆ. ಬಗ್ಗಿ ನನ್ನ ಬೆಲ್ಟ್ ಸರಿಯಾಗಿದೆಯೇ ಅಂತ ಮುಟ್ಟಿ ನೋಡಿ ಮುಂದೆ ಹೋದಳು.

ವಿಮಾನ ಓಡತೊಡಗಿತು. ಎಲ್ಲರೂ ಏನು ಹಿಡಿದುಕೊಳ್ಳುತ್ತಾರೋ ಅದನ್ನು ಹಿಡಿದುಕೊಳ್ಳಲು ನನಗೆ ಕೈ ಇರಲಿಲ್ಲ. ಎರಡರಲ್ಲೂ ಸೆರಗಿತ್ತು. ಬೆಚ್ಚಿಬಿದ್ದರೆ ಅಕ್ಕಿ ಚೆಲ್ಲುತ್ತದೆ. ಹಾಗಾಗಿ ಬೆಚ್ಚುವ ಹಾಗಿರಲಿಲ್ಲ. ಮುಂದಿನ ಗಾಲಿ ಎದ್ದಾಗ ಅಕ್ಕಿಯೆಲ್ಲ ಮೆಲ್ಲಗೆ ಹೊಟ್ಟೆಯ ಕಡೆ ಸರಿದು ಬಂತು. ಬೆಚ್ಚಗಿತ್ತು. ನಾನು ಅಕ್ಕಿಯನ್ನೇ ನೋಡುತ್ತಿದ್ದೆ. ಭೂಮಿ ಯಾವಾಗ ಬಿಟ್ಟುಹೋಯಿತೋ ಗೊತ್ತಾಗಲಿಲ್ಲ.

ಆಗ ಸೆರಗಿನ ಅಂಚಿಗೆ ಇನ್ನೊಂದು ಕೈ ಬಂತು. ಗೋರಂಟಿ ಹಚ್ಚಿದ, ಸುಕ್ಕಾದ ಕೈ. ಅಜ್ಜಿ ಕಣ್ಣು ಮುಚ್ಚಿಕೊಂಡು ನನ್ನ ಸೆರಗನ್ನು ಬಿಗಿಯಾಗಿ ಹಿಡಿದಿದ್ದರು.

"ತುಮ್ ಡರ್?" ಎಂದು ಕೇಳಿದರು, ಕಣ್ಣು ತೆರೆಯದೆ.

ನಮ್ಮ ಬಜಾರದ ಉರ್ದುವಿನಲ್ಲಿ ಹೇಳಿದೆ. "ಹೌ, ಬಹುತ್ ಡರ್."

"ಹಮ್ ಭೀ ಡರ್" ಎಂದರು. ಒಂದು ಕಣ್ಣು ತೆರೆದು ಸೆರಗಿನೊಳಗೆ ನೋಡಿದರು. "ಯೇ ಕ್ಯಾ?"

"ಬಹೆನ್ ಕೇ ಲಿಯೇ. ಬಚ್ಚಾ ಹೋನೇ ವಾಲಾ ಹೈ."

ಅವರಿಗೆ ಅರ್ಥವಾಯಿತು. ಎರಡೂ ಕಣ್ಣು ತೆರೆದರು. ಅಂಚನ್ನು ಇನ್ನೂ ಬಿಗಿಯಾಗಿ ಹಿಡಿದರು. ಈಗ ಹಿಡಿದದ್ದು ತಮ್ಮ ಭಯಕ್ಕಲ್ಲ.

ಕಿಟಕಿಯಾಚೆ ಮೋಡ ಹರಡಿತ್ತು. ಬೀಜ ಬಿಡಿಸಿ ರಾಶಿ ಹಾಕಿದ ಹತ್ತಿಯ ಹಾಗೆ. ಅದರ ಮೇಲೆ ಬಿಸಿಲು ಸುಮ್ಮನೆ ಕೂತಿತ್ತು. ಎಲ್ಲವೂ ಬಹಳ ನಿಧಾನವಾಗಿತ್ತು, ನನ್ನ ಹಗಲುಗನಸಿನ ಹಾಗೆ. ಸೂಪರ್ ಮಾರ್ಕೆಟ್ಟಿನ ಆಟೋಗಳು ಯಾವ ಕ್ಷಣದಲ್ಲಾದರೂ ಮೋಡದ ಹಿಂದಿನಿಂದ ಬರಬಹುದು ಅನ್ನಿಸಿತು. ಅಜ್ಜಿ ಚಿಕ್ಕ ಶೀಷೆ ತೆಗೆದು ನನ್ನ ಮಣಿಕಟ್ಟಿಗೆ ಅತ್ತರು ಹಚ್ಚಿದರು. ಸೆರಗಿನಲ್ಲಿ ಬಾಳೆ ಹಣ್ಣಾಗತೊಡಗಿತ್ತು. ಅತ್ತರಿನ ಜೊತೆ ಕಮಲಾಪುರದ ತೋಟ ಸೇರಿ ಮೂರು ಸಾಲಿನವರೆಗೆ ಹರಡಿತು. ಮುಂದಿನ ಸೀಟಿನವರು ತಿರುಗಿ ನೋಡಿದರು.

ಆಮೇಲೆ ಒಂದು ಸಲ ವಿಮಾನ ಧಡಕ್ಕನೆ ಕುಸಿಯಿತು. ಯಾರೋ ಕೂಗಿದರು. ನನ್ನ ಕೈ ಸಡಿಲಾಗಲಿಲ್ಲ. ಆದರೂ ಒಂದಿಷ್ಟು ಅಕ್ಕಿ ಹಾರಿ ಅಜ್ಜಿಯ ಅಬಾಯದ ಮೇಲೆ ಬಿತ್ತು. ಕಪ್ಪು ಬಟ್ಟೆಯ ಮೇಲೆ ಬಿಳಿ ಕಾಳುಗಳು ಬೇಸಿಗೆಯ ರಾತ್ರಿ ಆಕಾಶದ ಹಾಗೆ ಕಂಡವು. ನಾನು ಕಾಲ ಬಳಿ ಕಣ್ಣಾಡಿಸಿದೆ. ನೆಲಕ್ಕೆ ಬಿದ್ದಿರಲಿಲ್ಲ. ಅಜ್ಜಿ ಜಪಮಣಿಯನ್ನು ಪಕ್ಕಕ್ಕಿಟ್ಟು ಒಂದೊಂದೇ ಕಾಳು ಹೆಕ್ಕಿ ನನ್ನ ಸೆರಗಿಗೆ ಹಾಕತೊಡಗಿದರು. ವಿಮಾನ ಇನ್ನೂ ಅಲುಗುತ್ತಿತ್ತು. ಅವರ ತುಟಿ ಅದೇ ಜಪ ಹೇಳುತ್ತಿತ್ತು, ಬೆರಳುಗಳು ಮಣಿಯ ಬದಲು ಅಕ್ಕಿ ಎಣಿಸುತ್ತಿದ್ದವು.

ಸೆರಗಿನಿಂದ ಒಂದು ಬಾಳೆಹಣ್ಣು ತಗೊಳ್ಳಿ ಎಂದು ಅವರಿಗೆ ಸನ್ನೆ ಮಾಡಿದೆ. ಕೊಡಬಾರದೆಂಬ ನಿಯಮವನ್ನು ಚಿಗವ್ವ ಹೇಳಿರಲಿಲ್ಲ. ಅವರು ಅರ್ಧ ಮುರಿದು ನನಗೇ ತಿನ್ನಿಸಿದರು. ನನ್ನ ಕೈ ಖಾಲಿ ಇರಲಿಲ್ಲವಲ್ಲ.

ಮಸ್ಕತ್

ಇಳಿದ ಮೇಲೆ ಗಂಟು ಮತ್ತೆ ಕಟ್ಟಿದೆ. ಅಜ್ಜಿ ಗಾಲಿಕುರ್ಚಿಯಲ್ಲಿ ಹೊರಟರು. ಕೈಬೀಸಿದಾಗ ಅವರ ಅಬಾಯದ ಮಡಿಕೆಯಲ್ಲಿ ಇನ್ನೂ ನಾಲ್ಕಾರು ಕಾಳು ಸಿಕ್ಕಿಕೊಂಡಿದ್ದವು. ಕಮಲಾಪುರದ ಅಕ್ಕಿ ಅವರ ಮನೆಯನ್ನೂ ಸೇರಿತು.

ಮಸ್ಕತ್ತಿನ ಬಿಸಿಲು ನನಗೆ ಹೊಸದೆನ್ನಿಸಲಿಲ್ಲ. ನಮ್ಮ ಬಿಸಿಲಿಗೆ ಸಮುದ್ರದ ಒದ್ದೆ ಬಟ್ಟೆ ಹೊದಿಸಿದ ಹಾಗೆ. ಹೊಸದು ಮೌನ. ಅಷ್ಟೊಂದು ಕಾರುಗಳಿದ್ದರೂ ಯಾರೂ ಹಾರ್ನು ಒತ್ತುವುದಿಲ್ಲ. ಬೆಳ್ಳನೆಯ ಮನೆಗಳ ಹಿಂದೆ ಗಿಡವೇ ಇಲ್ಲದ ಕಂದು ಬೆಟ್ಟಗಳು. ನಮ್ಮಲ್ಲಿ ಕಲ್ಲು ಗಣಿಯಿಂದ ಬರುತ್ತದೆ, ಇಲ್ಲಿ ಕಲ್ಲೇ ಊರಿಗೆ ಬೇಲಿ. ಸಂಜೆ ಮನೆಗಳಿಂದ ಲೋಬಾನದ ಹೊಗೆ ಬರುತ್ತದೆ. ಕಣ್ಣು ಮುಚ್ಚಿದರೆ ಕಲಬುರಗಿಯ ದರ್ಗಾದ ಬಾಗಿಲಲ್ಲಿ ನಿಂತ ಹಾಗೆ.

ಮಂಜುಳಾ ಮನೆಯ ಬಾಗಿಲಲ್ಲಿ, ಪ್ರಕಾಶ ಹಾಕಿಕೊಟ್ಟ ಕುರ್ಚಿಯಲ್ಲಿ ಕೂತು ಕಾಯುತ್ತಿದ್ದಳು. ನನ್ನನ್ನು ನೋಡಿದವಳು ಏಳಲಿಲ್ಲ. ಏಳಬಾರದಿತ್ತು.

"ಅಕ್ಕಾ, ಖರೇನೇ ಬಂದೇನ?"

"ಖರೇನೇ."

"ವಿಮಾನಲೇ?"

"ಇಲ್ಲ, ಆಟೋಲೇ. ಸರಿ ಸ್ವಲ್ಪ, ಇದನ್ನ ಇಡಬಾರದು, ಕೈ ನೋಯ್ಲಾಕತ್ತದ."

ಅವಳು ನಕ್ಕಳು. ನಗುತ್ತಲೇ ಅವಳ ಗಲ್ಲ ಒದ್ದೆಯಾಯಿತು.

ಮರುದಿನ ಕುಬಸ. ಸುಜಾ ಬಂದಳು. ಕೆಳಗಿನ ಮನೆಯ ಒಡತಿ, ಒಮಾನಿ ಹೆಂಗಸು, ಕಹ್ವಾದ ಹೂಜಿ ಮತ್ತು ಖರ್ಜೂರ ತಗೊಂಡು ಬಂದರು. ಏಲಕ್ಕಿ ಹಾಕಿದ ಆ ಕಾಫಿಯನ್ನು ಪುಟ್ಟ ಬಟ್ಟಲಿಗೆ ಹಾಕಿಕೊಡುತ್ತಾರೆ. ಕುಡಿದು ಮುಗಿಸಿದೆ, ಮತ್ತೆ ಹಾಕಿದರು. ಸಾಕು ಎಂದೆ, ಮತ್ತೆ ಹಾಕಿದರು. ನಮ್ಮ ಕಡೆಯ ಉಪಚಾರದ ಹಾಗೆ ಇದೂ ಮುಗಿಯದ್ದು ಅಂತ ಕುಡಿಯುತ್ತಲೇ ಹೋದೆ. ಕೊನೆಗೆ ಮಂಜುಳಾ ಪಿಸುಗುಟ್ಟಿದಳು: "ಬಟ್ಟಲಾ ಅಲುಗಾಡಿಸು ಅಕ್ಕಾ. ಅಲುಗಾಡಿಸಿದ್ರ ಸಾಕು ಅಂತ. ಇಲ್ಲಾಂದ್ರ ಸಂಜೀ ತನಕ ಹಾಕ್ತಾರ." ಎಷ್ಟು ಅನುಕೂಲದ ಪದ್ಧತಿ! ನಮ್ಮಲ್ಲಿ ಎಲೆಯ ಮೇಲೆ ಅಡ್ಡ ಮಲಗಿದರೂ ಬಡಿಸುತ್ತಾರೆ.

ಮಂಜುಳಾಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ದಿಂಬಿಗೆ ಒರಗಿಸಿ ಕೂರಿಸಿದೆವು. ಫೋನಿನ ಪರದೆಯಲ್ಲಿ ಚಿಗವ್ವ ಕೂತಿದ್ದಳು. ನಾನು ಗಂಟು ಬಿಚ್ಚಿ ಸೆರಗಿಗೆ ಹಾಕಿಕೊಂಡಾಗ ಅವಳ ಕಣ್ಣು ನೇರ ಅಲ್ಲಿಗೇ ಹೋಯಿತು.

"ಕೊಬ್ಬರಿ ಎಲ್ಲದ?"

"ಹೈದರಾಬಾದ್‌ನ್ಯಾಗ ಹಿಡ್ಕೊಂಡ್ರು, ಚಿಗವ್ವ."

"ಯಾರು?"

"ಪೊಲೀಸ್ರು."

"ಕೊಬ್ಬರಿ ಹಿಡ್ಕೊಂಡು ನಿನ್ನ ಬಿಟ್ರಾ?"

ಮಂಜುಳಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಅರೆಬರೆ ಮಲಯಾಳಂನಲ್ಲಿ ಇದನ್ನು ತಿಳಿಸುವ ಹೊತ್ತಿಗೆ ಸುಜಾ ಎದ್ದು ತಮ್ಮ ಮನೆಗೆ ಓಡಿದ್ದಳು. ಬರುವಾಗ ಕೈಯಲ್ಲಿ ಕೊಬ್ಬರಿ ಬಟ್ಟಲಿತ್ತು. ತೆಂಗಿನ ನಾಡಿನವಳ ಮನೆಯಲ್ಲಿ ಅದಕ್ಕೇನು ಕೊರತೆ. ಐದನೆಯ ಬಾಳೆಹಣ್ಣಿನ ಜಾಗ ಮಾತ್ರ ಖಾಲಿ ಇತ್ತು. ಒಡತಿ ತಂದ ತಟ್ಟೆಯಿಂದ ಒಂದು ಹಸಿ ಖರ್ಜೂರ ತೆಗೆದು ಅಲ್ಲಿಟ್ಟೆ. ನಮ್ಮ ಉತ್ತತ್ತಿಗಳ ಪಕ್ಕದಲ್ಲಿ ಅದು ಊರಲ್ಲೇ ಉಳಿದ ತಂಗಿಯ ಹಾಗೆ ಕಂಡಿತು.

ಮಂಜುಳಾ ಸೆರಗು ಚಾಚಿದಳು. ನಾನು ನನ್ನದನ್ನು ಅದರ ಮೇಲೆ ಬಾಗಿಸಿದೆ. ಅಕ್ಕಿ ಮಳೆಯ ಸದ್ದು ಮಾಡುತ್ತ ಇಳಿಯಿತು. ಹಣ್ಣು ಬರೋಬ್ಬರಿ ಹಣ್ಣಾಗಿತ್ತು. ಅವಳು ಒಂದನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು.

"ಅವ್ವನ ಸೆರಗಿನ ವಾಸನಿ" ಎಂದಳು.

ಹೊರಡುವ ದಿನ ಭಯ ಮತ್ತೆ ಹಾಜರಿತ್ತು. ಬಂದ ದಾರಿಯಲ್ಲಿ ಅದು ವಾಪಸ್ಸು ಹೋಗಿರಲಿಲ್ಲ. ನನ್ನ ಜೊತೆಗೇ ಉಳಿದಿತ್ತು. ಮಂಜುಳಾ ಮಲಗಿದಲ್ಲಿಂದಲೇ ಕರೆದಳು. "ಖಾಲಿ ಉಡಿಲೇ ಹೋಗಬಾರದು ಅಕ್ಕಾ. ಬಾ ಇಲ್ಲಿ." ಅವಳೇ ನನಗೆ ಉಡಿ ತುಂಬಿದಳು: ಅಕ್ಕಿ, ಖರ್ಜೂರ, ಒಂದು ತುಂಡು ಲೋಬಾನ. ಕೊಬ್ಬರಿ ಹಾಕಲಿಲ್ಲ. "ಅಷ್ಟರೆ ಕಲ್ತೀವಿ" ಎಂದಳು. ಹೋಗುವಾಗಿನ ಹಾಗೇ ಬರುವಾಗಲೂ ನನ್ನ ಎರಡೂ ಕೈ ತುಂಬಿದ್ದವು. ವಿಮಾನ ಇಳಿಯಿತು. ಡೆಸ್ಕಿಗೆ ಯಾರೂ ಸುದ್ದಿ ಕಳಿಸಲಿಲ್ಲ.

ಕುಸನೂರಿಗೆ ಬಂದು ಉಡಿಯನ್ನು ದೇವರ ಮುಂದಿಟ್ಟು, ಕೂಲರ್ ಹಾಕಿ ಮಲಗಿದೆ. ವಿಮಾನ ಸೂಪರ್ ಮಾರ್ಕೆಟ್ಟಿನ ನಡುವೆ ಬಂತು. ಸೀರೆಗಳು ರೆಕ್ಕೆಗೆ ತಾಗಿ ಅಲುಗಿದವು. ಕಂಡಕ್ಟರ್ ನನ್ನನ್ನು ನೋಡಿ ತಗಡು ಬಡಿದ. "ಉಡಿ ತುಂಬಿದಾಕಿ ಬಂದಾಳ, ಜಾಗಾ ಬಿಡ್ರಿ!" ಒಳಗಿದ್ದವರೆಲ್ಲ ಸರಿದು ಕೂತರು. ನಾನು ಹತ್ತಿದೆ. ನೆಲ ಕೆಳಗೆ ಸರಿಯಿತು, ಸರಿಯುತ್ತಲೇ ಹೋಯಿತು, ನನಗೆ ಎಚ್ಚರವಾಗಲಿಲ್ಲ. ಸಂಜೆ, ರಾತ್ರಿ ಪಾಳಿಗೆ ಹೊತ್ತಾಯಿತೆಂದು ಮನೆಯವರೇ ಭುಜ ಹಿಡಿದು ಎಬ್ಬಿಸಬೇಕಾಯಿತು.